ಮುಂಡರಗಿಯ ಐವತ್ತು ಫಾರ್ಮು

ಜನವರಿ ೬, ಸೋಮವಾರ

ವಿಷಯ ಪಾಸಾಯಿತು. ‘ಕಾಲೇಜು ವಿದ್ಯಾರ್ಥಿಗಳಲ್ಲಿ ವ್ಯಾಯಾಮದ ತಿಳಿವಳಿಕೆ ಮತ್ತು ರೂಢಿ.’ ನಮ್ಮ ನರ್ಸಿಂಗ್ ಕಾಲೇಜಿನ ಕೊನೆಯ ವರ್ಷದಲ್ಲಿ ಹನ್ನೊಂದು ಪ್ರಾಜೆಕ್ಟ್ ಗುಂಪುಗಳಿವೆ. ಒಂದೇ ಸಲಕ್ಕೆ ಪಾಸಾದದ್ದು ನಮ್ಮದೊಂದೇ. ಆಶ್ಚರ್ಯವೇನೂ ಆಗಲಿಲ್ಲ.

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. ಒಂದೊಂದು ಊರಿನ ಒಂದು ಡಿಗ್ರಿ ಕಾಲೇಜಿನಿಂದ ಐವತ್ತು ಜನ, ಒಟ್ಟು ಇನ್ನೂರು. ಗೈಡ್ ಪ್ರಭುಲಿಂಗ ಸರ್ ಕನ್ನಡಕ ಮೇಲಕ್ಕೇರಿಸಿ ನೋಡಿದರು. “ಇನ್ನೂರು ಭಾಳ ಆಗ್ತಾವಲ್ಲ ಫರ್ಹಾನಾ? ನೀವು ಇರೋರು ಇಬ್ಬರು.”

“ಆಗ್ತೈತ್ರಿ ಸರ್,” ಎಂದೆ.

ಇನ್ನೊಬ್ಬ ಆನಂದ. ಬೆಟಗೇರಿಯ ನೇಕಾರರ ಮನೆಯವನು, ನಮ್ಮ ಓಣಿಯ ಹಿಂದಿನ ಓಣಿ. ಮಾತು ಕಡಿಮೆ, ಅಕ್ಷರ ಚಂದ, ಹೇಳಿದ್ದನ್ನು ಮಾಡುತ್ತಾನೆ. ಇಷ್ಟು ಸಾಕು.

ನನ್ನ ಊಹೆ ಸ್ಪಷ್ಟವಿದೆ. ಗೊತ್ತಿದ್ದವರು ವ್ಯಾಯಾಮ ಮಾಡುತ್ತಾರೆ, ಗೊತ್ತಿಲ್ಲದವರು ಮಾಡುವುದಿಲ್ಲ. ಆದ್ದರಿಂದ ತಿಳಿಸಿ ಹೇಳಿದರೆ ಎಲ್ಲರೂ ಮಾಡುತ್ತಾರೆ. ಎಲ್ಲಕ್ಕಿಂತ ಒಳ್ಳೆಯ ಪ್ರಾಜೆಕ್ಟು ಹುಬ್ಬಳ್ಳಿಯ ರಾಜ್ಯಮಟ್ಟದ ವಿದ್ಯಾರ್ಥಿ ಸಮ್ಮೇಳನಕ್ಕೆ ಹೋಗುತ್ತದೆ. ಅಲ್ಲಿ ಯಾವ ಬಣ್ಣದ ಚೂಡಿದಾರ ಹಾಕಿಕೊಳ್ಳಬೇಕು ಎನ್ನುವುದನ್ನು ಮಾತ್ರ ಇನ್ನೂ ನಿರ್ಧರಿಸಿಲ್ಲ.

ಲೈಬ್ರರಿ ಮೂರನೇ ಮಹಡಿಯಲ್ಲಿದೆ. ಪುಸ್ತಕ ತರಲು ಆನಂದನನ್ನು ಕಳಿಸಿ ನಾನು ಆಟೋ ಹಿಡಿದು ಮನೆಗೆ ಬಂದೆ.

ಜನವರಿ ೧೭

ಪ್ರಶ್ನಾವಳಿ ಮುಗಿಯಿತು. ತಿಳಿವಳಿಕೆಗೆ ಇಪ್ಪತ್ತು ಪ್ರಶ್ನೆ, ರೂಢಿಗೆ ಹತ್ತು. ಮೊದಲು ನಾನೇ ತುಂಬಿ ನೋಡಿದೆ. ತಿಳಿವಳಿಕೆಯಲ್ಲಿ ಇಪ್ಪತ್ತಕ್ಕೆ ಇಪ್ಪತ್ತು. ‘ದಿನಾ ಅರ್ಧ ಗಂಟೆ ವ್ಯಾಯಾಮ ಮಾಡುತ್ತೀರಾ?’ ಎನ್ನುವುದಕ್ಕೆ ‘ಹೌದು’ ಎಂದು ಹಾಕಿದೆ. ಆಸ್ಪತ್ರೆಯ ಡ್ಯೂಟಿಯಲ್ಲಿ ವಾರ್ಡಿನಿಂದ ವಾರ್ಡಿಗೆ ಓಡಾಡುತ್ತೇನಲ್ಲ, ಅದೂ ಲೆಕ್ಕವೇ.

ಸರ್ ಒಂದು ಕಡೆ ತಕರಾರು ತೆಗೆದರು. ‘ವ್ಯಾಯಾಮ ಮಾಡದಿರಲು ಕಾರಣ’ ಎನ್ನುವ ಪ್ರಶ್ನೆಗೆ ನಾನು ಮೂರು ಉತ್ತರ ಕೊಟ್ಟಿದ್ದೆ: ಸಮಯವಿಲ್ಲ, ಆಸಕ್ತಿಯಿಲ್ಲ, ಪ್ರಯೋಜನ ಗೊತ್ತಿಲ್ಲ. “ಕೆಳಗ ಒಂದೆರಡು ಖಾಲಿ ಗೆರಿ ಬಿಡು. ಮತ್ತೇನರ ಇದ್ದರ ಬರೀತಾರ,” ಎಂದರು.

“ಖಾಲಿ ಗೆರಿ ಬಿಟ್ಟರ ಕಥಿ ಬರೀತಾರ್ರಿ ಸರ್. ಎಣಿಸಾಕ ಬರೂದಿಲ್ಲ.”

ಸರ್ ಹಾಳೆ ವಾಪಸ್ ಕೊಟ್ಟರು. ಗೆದ್ದೆ.

ಅಮ್ಮಿಗೂ ಇವತ್ತೇ ಒಂದು ವೇಳಾಪಟ್ಟಿ ಮಾಡಿ ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಅವಳಿಗೆ ಸಕ್ಕರೆ ಕಾಯಿಲೆ ಬಂದು ಎರಡು ವರ್ಷವಾಯಿತು. ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದ್ದಾರೆ, ಇವಳು ಬಾಗಿಲು ದಾಟುವುದಿಲ್ಲ. ವೇಳಾಪಟ್ಟಿ ನೋಡಿ, “ಚಂದ ಬರದಿ,” ಎಂದು ರೊಟ್ಟಿ ಬಡಿಯುತ್ತಾ ಕೂತಳು. ಪ್ರಯೋಜನ ಗೊತ್ತಿಲ್ಲದವರ ಸಾಲಿಗೆ ಮೊದಲ ಹೆಸರು ದಿಲಶಾದಬಿ, ನನ್ನ ತಾಯಿ.

ಜನವರಿ ೨೮

ಗದಗಿನ ಐವತ್ತು ಹೋದ ವಾರವೇ ಮುಗಿದಿತ್ತು. ಇವತ್ತು ಲಕ್ಷ್ಮೇಶ್ವರ. ಎಂಥಾ ಶಿಸ್ತಿನ ಕಾಲೇಜು! ಲೆಕ್ಚರರು ಮೊದಲಿನಿಂದ ಕೊನೆಯವರೆಗೆ ಬೆಂಚುಗಳ ನಡುವೆಯೇ ಅಡ್ಡಾಡಿದರು. “ಬರೋಬ್ಬರಿ ತುಂಬ್ರಿ. ನಮ್ಮ ಕಾಲೇಜಿನ ಹೆಸರು ಐತಿ,” ಎಂದು ನಾಲ್ಕೈದು ಸಲ ಎಚ್ಚರಿಸಿದರು. ಯಾರೂ ತುಟಿ ಬಿಚ್ಚಲಿಲ್ಲ. ಇಪ್ಪತ್ತು ನಿಮಿಷಕ್ಕೆ ಕೆಲಸ ಮುಗಿಯಿತು.

ಬಸ್ಸಿನಲ್ಲೇ ಎಣಿಸಿದೆ. ಐವತ್ತರಲ್ಲಿ ನಲವತ್ತಾರು ಜನ ದಿನಾ ವ್ಯಾಯಾಮ ಮಾಡುತ್ತಾರೆ! ಲಕ್ಷ್ಮೇಶ್ವರದ ಮಂದಿ ಗಟ್ಟಿ.

ಫೆಬ್ರವರಿ ೪

ಶಿರಹಟ್ಟಿ. ಪ್ರಿನ್ಸಿಪಾಲರು ಕರೆದರೆಂದು ಲೆಕ್ಚರರು ಮೊದಲೇ ಎದ್ದು ಹೋದರು. ಕ್ಲಾಸು ಸಂತೆಯಾಯಿತು, ನಗು, ಪಿಸುಮಾತು. ಎಣಿಸಿದರೆ ವ್ಯಾಯಾಮ ಮಾಡುವವರು ಎಂಟೇ ಜನ. ಲಕ್ಷ್ಮೇಶ್ವರಕ್ಕೂ ಶಿರಹಟ್ಟಿಗೂ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ? ಜನದಲ್ಲಿ ಇಷ್ಟು ಫರಕು! ಸೋಮಾರಿಗಳು.

ಮುಂದಿನ ಬೆಂಚಿನ ಒಬ್ಬಳು ಪೆನ್ನು ಹಿಡಿದುಕೊಂಡೇ ಕೂತಿದ್ದಳು.

“ಯಾಕ, ಏನಾತು?”

“ನನ್ನ ಉತ್ತರ ಇದರಾಗ ಇಲ್ಲರಿ ಅಕ್ಕಾರ.”

“ಯಾವುದು ಹತ್ರ ಐತಿ ಅದಕ್ಕ ಗುರುತು ಹಾಕು.”

ಅವಳು ಇನ್ನೂ ಸ್ವಲ್ಪ ಹೊತ್ತು ಹಾಳೆ ನೋಡಿ ‘ಆಸಕ್ತಿಯಿಲ್ಲ’ ಎಂದು ಗುರುತು ಹಾಕಿ ಕೊಟ್ಟಳು. ಇಂಥವರಿಂದಲೇ ತಡ.

ಆನಂದ ವಾಪಸ್ ಬರುವಾಗ, “ಆಕಿ ಉತ್ತರ ಏನಿತ್ತಂತ ಕೇಳಬೇಕಿತ್ತು,” ಎಂದ. “ಲೇ ಆನಂದ, ಇನ್ನೂರು ಮಂದಿಗೆ ಒಬ್ಬೊಬ್ಬರ ಕಥಿ ಕೇಳ್ಕೋತ ಕುಂತರ ಮುಂದಿನ ವರ್ಷ ಮುಗೀತೈತಿ,” ಎಂದೆ. ಮುಂಡರಗಿ ಮುಂದಿನ ವಾರದ ಬುಧವಾರ ಆಗಲೇಬೇಕು, ಆಗಲಿಲ್ಲ ಎನ್ನುವ ಮಾತು ನನ್ನ ಮುಂದೆ ಬರಕೂಡದು ಎಂದೂ ಹೇಳಿಟ್ಟೆ.

ಫೆಬ್ರವರಿ ೧೨, ಬುಧವಾರ

ನನಗೆ ಹೆರಿಗೆ ವಾರ್ಡಿನ ಡ್ಯೂಟಿ ಬಿತ್ತು. ಮುಂಡರಗಿಗೆ ಆನಂದ ಒಬ್ಬನೇ ಹೋದ. ಸಂಜೆ ಫಾರ್ಮಿನ ಕಟ್ಟು ಕೈಗಿಟ್ಟ. ಐವತ್ತಕ್ಕೆ ಐವತ್ತು, ಒಂದೂ ಖಾಲಿ ಪ್ರಶ್ನೆಯಿಲ್ಲ. “ಏನರ ತ್ರಾಸ ಆತೇನು?” ಎಂದರೆ “ಇಲ್ಲ,” ಎಂದ. ಮುಖ ಬಾಡಿತ್ತು. ಬಿಸಿಲಿರಬೇಕು.

ಫೆಬ್ರವರಿ ೧೯

ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕು. ನನ್ನ ಊಹೆ ಖರೆಯಾಯಿತು!

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿಯ ಅಂಕಿಗಳು ಒಂದೊಂದು ದಿಕ್ಕಿಗೆ ಎಳೆಯುತ್ತಿದ್ದವು. ಮುಂಡರಗಿಯದನ್ನು ಸೇರಿಸಿದ ಕೂಡಲೇ ಎಲ್ಲ ಸಾಲಿಗೆ ಬಂತು. ಮುಂಡರಗಿಯಲ್ಲಿ ತಿಳಿವಳಿಕೆಗೆ ಹದಿನಾರರ ಮೇಲೆ ಬಂದವರೆಲ್ಲ ವ್ಯಾಯಾಮ ಮಾಡುತ್ತಾರೆ, ಹತ್ತರ ಕೆಳಗಿನವರು ಒಬ್ಬರೂ ಮಾಡುವುದಿಲ್ಲ. ಪುಸ್ತಕದಲ್ಲಿ ಉದಾಹರಣೆಗೆಂದು ಹಾಕಿರುತ್ತಾರಲ್ಲ, ಹಾಗಿದೆ.

ಪ್ರಭುಲಿಂಗ ಸರ್ ಎರಡು ಸಲ ನೋಡಿ, “ಭೇಷ್!” ಎಂದರು. ಆ ಮಾತು ಅವರ ಬಾಯಿಂದ ಬಂದದ್ದನ್ನು ನಾಲ್ಕು ವರ್ಷದಲ್ಲಿ ನಾನು ಕೇಳಿರಲಿಲ್ಲ. ಸಾರಾಂಶವನ್ನು ಅಲ್ಲೇ ಬರೆಸಿ ಹುಬ್ಬಳ್ಳಿಗೆ ಕಳಿಸಿಯೂ ಬಿಟ್ಟರು. ನಮ್ಮ ಕಾಲೇಜಿನಿಂದ ನಾವೇ!

ಆನಂದನಿಗೆ ಖುಷಿಪಡಲಿಕ್ಕೂ ಬರುವುದಿಲ್ಲ. “ಹೌದಾ, ಆತು,” ಎಂದು ಹೊರಟುಹೋದ.

ಫೆಬ್ರವರಿ ೨೪, ಸೋಮವಾರ

ಪರಿಶಿಷ್ಟಕ್ಕೆ ಸೇರಿಸಲೆಂದು ಒಪ್ಪಿಗೆ ಪತ್ರಗಳನ್ನು ಜೋಡಿಸುತ್ತಿದ್ದೆ. ಪ್ರತಿ ಫಾರ್ಮಿನ ಜೊತೆ ತುಂಬಿದವರ ಸಹಿಯಿರುವ ಒಂದು ಹಾಳೆ ಇರುತ್ತದೆ. ಮುಂಡರಗಿಯ ಕಟ್ಟಿನಲ್ಲಿ ಗದಿಗೆವ್ವ ಎಂದು ಒಂದು ಸಹಿ. ಅದರ ಕೆಳಗಿನದು ನೀಲವ್ವ. ಎರಡರಲ್ಲೂ ‘ವ್ವ’ದ ಒತ್ತಕ್ಷರ ಪೆನ್ನು ಎತ್ತದೆ ಬರೆದದ್ದು, ಬಾಲ ಎಡಕ್ಕೆ ಸುತ್ತಿ ಮೇಲಕ್ಕೆ ಎದ್ದಿದೆ. ಕಟ್ಟು ಬಿಚ್ಚಿ ಹಾಸಿಗೆಯ ಮೇಲೆ ಹರಡಿದೆ. ಹನ್ನೆರಡು ‘ವ್ವ’, ಹನ್ನೆರಡೂ ಒಂದೇ. ಕೆಲವು ಸಹಿ ಬೇಕೆಂದೇ ಓರೆ ಮಾಡಿದ್ದು, ಕೆಲವು ಇಂಗ್ಲಿಷಿನಲ್ಲಿ ಹಾಕಿದ್ದು.

ಪೆನ್ನೆತ್ತದೆ ‘ವ್ವ’ ಬರೆಯುವವನು ನಮ್ಮ ಕ್ಲಾಸಿನಲ್ಲಿ ಒಬ್ಬನೇ ಇದ್ದಾನೆ. ನಾಲ್ಕು ವರ್ಷ ಅವನ ನೋಟ್ಸು ಓದಿಯೇ ಪಾಸಾಗಿದ್ದೇನೆ.

ಫೆಬ್ರವರಿ ೨೫

ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಫೆಬ್ರವರಿ ೨೭

ಆನಂದನನ್ನು ಕಾಲೇಜಿನ ನೀರಿನ ಟಾಕಿಯ ಹಿಂದೆ ಕರೆದೊಯ್ದು ಕಟ್ಟನ್ನು ಕೈಗೆ ಕೊಟ್ಟೆ. ಬಿಚ್ಚಿಯೂ ನೋಡಲಿಲ್ಲ.

“ಆ ದಿನ ಮುಂಡರಗ್ಯಾಗ ಇಂಟರ್ನಲ್ ಪರೀಕ್ಷೆ ಇತ್ತು. ಕ್ಲಾಸಿಗೆ ಯಾರೂ ಬಿಡಲಿಲ್ಲ. ಬಸ್ ಸ್ಟ್ಯಾಂಡಿನಾಗ ಕುಂತು ತುಂಬಿದೆ,” ಎಂದ. “ಡಂಬಳದ ಬಸ್ಸು ಬಂತು, ಹೋತು. ಮತ್ತ ಬಂತು, ಮತ್ತ ಹೋತು. ನಾ ತುಂಬಕೋತನ ಇದ್ದೆ.”

ಬೈಯಲು ನಾನು ತಯಾರಾಗಿಯೇ ಹೋಗಿದ್ದೆ. ಕಳ್ಳ, ಸುಳ್ಳ, ನನ್ನ ವರ್ಷ ಹಾಳು ಮಾಡಿದಿ, ಎಲ್ಲ ಅಂದೆ. ಅವನು ಕೇಳಿಸಿಕೊಂಡ. ಕೊನೆಗೆ, “ಪರೀಕ್ಷೆ ಐತಿ, ಆಗಲಿಲ್ಲಂತ ಒಂದು ಫೋನ್ ಹಚ್ಚಾಕ ನಿನಗ ಬಾಯಿ ಇರಲಿಲ್ಲೇನು?” ಎಂದೆ.

“ಹಚ್ಚಿದ್ದೆ ಫರ್ಹಾನಾ. ನೀ ಎತ್ತಿದಿ. ‘ಐವತ್ತು ಆತೇನು? ಅಷ್ಟ ಹೇಳು’ ಅಂದಿ. ಆತು ಅಂದೆ.”

ಆ ಫೋನು ನನಗೆ ನೆನಪಿದೆ. ವಾರ್ಡಿನಲ್ಲಿ ಗದ್ದಲವಿತ್ತು.

“ಮತ್ತ ನಿನಗ ಯಾವ ಉತ್ತರ ಬೇಕಂತ ಗೊತ್ತಿತ್ತು. ದಿನಾ ಹೇಳ್ತಿದ್ದಿಯಲ್ಲ. ಅದನ್ನ ತುಂಬಿದೆ.”

ಮನೆಗೆ ನಡೆದೇ ಬಂದೆ. ಆಟೋದವನ ಜೊತೆ ಮಾತಾಡಲೂ ಮನಸ್ಸಿರಲಿಲ್ಲ.

ಫೆಬ್ರವರಿ ೨೮, ಶುಕ್ರವಾರ

ಬೆಳಗ್ಗೆ ಒಬ್ಬಳೇ ಹೋಗಿ ಸರ್‌ಗೆ ಹೇಳಬೇಕು, ಆನಂದನನ್ನು ಗುಂಪಿನಿಂದ ತೆಗೆಸಬೇಕು ಎಂದುಕೊಂಡಿದ್ದೆ. ಸ್ಟಾಫ್ ರೂಮಿನ ಬಾಗಿಲಲ್ಲಿ ಅವನು ಆಗಲೇ ನಿಂತಿದ್ದ. ಒಳಗೆ ಹೋಗಲು ಧೈರ್ಯ ಸಾಲದೆ ಅರ್ಧ ಗಂಟೆಯಿಂದ ಅಲ್ಲೇ ಇದ್ದನಂತೆ. ಇಬ್ಬರೂ ಒಟ್ಟಿಗೆ ಹೋದೆವು.

ಸರ್ ಪೂರ್ತಿ ಕೇಳಿ, ಎದ್ದು ಬಾಗಿಲು ಮುಂದೆ ಮಾಡಿದರು. “ಯಾರ ತಲಿಯಾಗ ಬಂದದ್ದಿದು?”

“ನಂದ್ರಿ,” ಎಂದ ಆನಂದ.

“ಗುಂಪಿನ ಲೀಡರ್ ನಾನ್ರಿ ಸರ್,” ಎಂದೆ. ಯಾಕೆ ಅಂದೆನೋ. ಅದು ಖರೆ ಅಂತೂ ಹೌದು.

ಸರ್ ಕುರ್ಚಿಗೆ ವಾಪಸ್ ಬಂದು ಕೂತರು. ಆಮೇಲೆ, “ನಂದೂ ತಪ್ಪೈತಿ. ಅಷ್ಟು ಚಂದ ಅಂಕಿ ಬಂದಾಗ ನಾ ಸಂಶಯಪಡಬೇಕಾಗಿತ್ತು,” ಎಂದು ಕಂಪ್ಯೂಟರು ತೆಗೆದು ಹುಬ್ಬಳ್ಳಿಗೆ ನಮ್ಮ ಕಣ್ಣೆದುರೇ ಪತ್ರ ಬರೆದರು. ನಮ್ಮ ಸಾರಾಂಶ ವಾಪಸ್. ಇಬ್ಬರಿಗೂ ಇಂಟರ್ನಲ್‌ನಲ್ಲಿ ಹತ್ತು ಅಂಕ ಕಡಿತ. ಹನ್ನೆರಡು ದಿನದೊಳಗೆ ಮುಂಡರಗಿಯ ನಿಜವಾದ ಐವತ್ತು ಫಾರ್ಮು, ಪ್ರಿನ್ಸಿಪಾಲರ ಸಹಿ, ಸಿಕ್ಕಾ ಸಮೇತ.

ಹೊರಗೆ ಬಂದು ಆನಂದ, “ಬ್ಯಾರೇಯವರನ್ನ ತಗೋತಿಯೇನು ಗುಂಪಿಗೆ?” ಎಂದು ಕೇಳಿದ.

“ಗುರುವಾರ ಎಂಟರ ಬಸ್ಸಿಗೆ ಬಾ,” ಎಂದೆ.

ಮಾರ್ಚ್ ೬, ಗುರುವಾರ

ರಂಜಾನಿನ ಉಪವಾಸ, ರೋಜಾ ಇದ್ದುದರಿಂದ ಬಿಸಿಲಿಗೆ ತುಸು ಬಳಲಿದೆ. ಆದರೂ ಬರೆಯಬೇಕಾದದ್ದು ಬಹಳವಿದೆ.

ಹೋಗುವ ಮುಂಚೆ ಫಾರ್ಮು ಬದಲಿಸಿದೆ. ಮೂರು ಉತ್ತರಗಳ ಕೆಳಗೆ ನಾಲ್ಕು ಖಾಲಿ ಗೆರೆ. ಮುಂಡರಗಿಯ ಪ್ರಿನ್ಸಿಪಾಲ್ ಮುದಕಪ್ಪ ಸರ್ ಒಳ್ಳೆಯವರು, ತಾವೇ ಕ್ಲಾಸಿಗೆ ಬಂದು ಕೂರಲು ಹೊರಟರು. “ಸರ್, ನೀವು ಹೊರಗಿದ್ದರ ಚಲೋ ಆಗ್ತೈತ್ರಿ,” ಎಂದೆ. ಒಂದು ಕ್ಷಣ ನೋಡಿ, ನಕ್ಕು ಹೋದರು.

ಹುಡುಗಿಯರು ಗೆರೆ ಸಾಲದೆ ಹಾಳೆಯ ಹಿಂಬದಿಗೂ ಬರೆದರು. ಒಬ್ಬಳು ಕೈಯೆತ್ತಿ, “ಇಲ್ಲಿ ಏನ್ ಬೇಕಾದ್ದು ಬರೀಬಹುದೇನ್ರಿ?” ಎಂದಳು. ಚೌಡವ್ವ ಎಂದು ಹೆಸರು, ಡಂಬಳದಿಂದ ದಿನಾ ಬಸ್ಸಿಗೆ ಬರುವವಳು. ಮುಗಿದ ಮೇಲೆ ನಾನಾಗಿಯೇ ಅವಳ ಬೆಂಚಿನಲ್ಲಿ ಕೂತು ಕೇಳಿದೆ. ಪಿಯುಸಿಯಲ್ಲಿ ಖೋಖೋ ಆಡಿ ವಿಭಾಗ ಮಟ್ಟದವರೆಗೆ ಹೋಗಿದ್ದಳಂತೆ. ಮನೆಯಲ್ಲಿ ಗೆದ್ದ ಎರಡು ಕಪ್ಪು ಇವೆಯಂತೆ.

“ಮತ್ತ ಈಗ?”

“ಇಲ್ಲಿ ಗ್ರೌಂಡ್ ಅಂದ್ರ ಕ್ರಿಕೆಟ್ ಪಿಚ್ಚರಿ. ಸುತ್ತ ಹುಡುಗ್ರು ಕುಂತಿರ್ತಾರ. ಬಟ್ಟಿ ಬದಲಿ ಮಾಡಾಕ ಖೋಲಿ ಇಲ್ಲ. ನಾಕೂವರಿಗೆ ಬಸ್ಸು. ಎರಡು ವರ್ಷ ಆತ್ರಿ, ಓಡಿಲ್ಲ.” ಆಮೇಲೆ ಸಣ್ಣ ದನಿಯಲ್ಲಿ, “ಕನಸಿನ್ಯಾಗ ಓಡ್ತೀನ್ರಿ,” ಎಂದಳು.

ತಿಳಿವಳಿಕೆಯಲ್ಲಿ ಅವಳಿಗೆ ಹದಿನೆಂಟು ಬಂದಿದೆ. ರೂಢಿಯಲ್ಲಿ ಸೊನ್ನೆ.

ಹೊರಡುವಾಗ, “ಲೆಕ್ಕ ಆದಮ್ಯಾಲ ನಮಗೂ ಹೇಳ್ತೀರೇನ್ರಿ? ಎಲ್ಲಾರೂ ಬಂದು ತುಂಬಿಸ್ಕೊಂಡು ಹೋಗ್ತಾರ, ಮತ್ತ ಬರೂದಿಲ್ಲ,” ಎಂದಳು. ಬರುತ್ತೇನೆ ಎಂದೆ.

ಲಕ್ಷ್ಮೇಶ್ವರದ ನಲವತ್ತಾರೂ ಸುಳ್ಳು. ಅದು ಬಸ್ಸಿನಲ್ಲಿ ಹೊಳೆಯಿತು. ಲೆಕ್ಚರರು ತಲೆಯ ಮೇಲೆ ನಿಂತಿದ್ದರೆ ನಾನಾದರೂ ‘ಹೌದು’ ಎಂದೇ ಹಾಕುತ್ತಿದ್ದೆ. ಯಾರೂ ನಿಲ್ಲದಿದ್ದಾಗಲೂ ಹಾಕಿದ್ದೇನೆ.

ಆನಂದನಿಗೆ ಹೇಳಿದೆ. “ಹಂಗಾರ ಲಕ್ಷ್ಮೇಶ್ವರಕ್ಕೂ ಮತ್ತ ಹೋಗೂದ?” ಎಂದ.

“ಹೋಗೂದು. ನಿನಗ ಯಾವತ್ತು ಆಗ್ತೈತಿ ಹೇಳು.”

ಮಾರ್ಚ್ ೧೧

ನಿನ್ನೆ ಲಕ್ಷ್ಮೇಶ್ವರ ಮತ್ತೊಮ್ಮೆ ಮುಗಿಯಿತು. ಈ ಸಲ ನಲವತ್ತಾರಲ್ಲ, ಹನ್ನೊಂದು. ಗದಗಕ್ಕೂ ಶಿರಹಟ್ಟಿಗೂ ಕಾರಣದ ಹಾಳೆಯನ್ನಷ್ಟೇ ಇನ್ನೊಮ್ಮೆ ಕೊಟ್ಟು ಬಂದೆವು. ಶಿರಹಟ್ಟಿಯ ಆ ಮುಂದಿನ ಬೆಂಚಿನ ಹುಡುಗಿ ಬಂದಿರಲಿಲ್ಲ. ಅವಳ ಉತ್ತರ ಏನಿತ್ತೋ, ಈಗ ಗೊತ್ತಾಗುವ ದಾರಿಯಿಲ್ಲ.

ಮಧ್ಯಾಹ್ನ ಅಮ್ಮಿಯ ಪಕ್ಕ ಕೂತು ಕೊತ್ತಂಬರಿ ಸೋಸುತ್ತಾ, ಯಾಕೆ ನಡೆಯಲು ಹೋಗುವುದಿಲ್ಲ ಎಂದು ಕೇಳಿದೆ. ಬೈಯದೆ ಕೇಳಿದ್ದು ಇದೇ ಮೊದಲಿರಬೇಕು, ನನ್ನ ಮುಖವನ್ನೇ ನೋಡಿದಳು. ಮನೆಯಲ್ಲಿ ನಮ್ಮ ಮಾತು ಉರ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

“ಬಾಗಿಲ ದಾಟಿದರ ಓಣಿ ತುಂಬ ಕೇಳ್ತಾರ, ಎಲ್ಲಿ ಹೊಂಟಿ ದಿಲಶಾದ ಅಂತ. ಎಲ್ಲಿಗೂ ಇಲ್ಲ, ಸುಮ್ನ ಹೊಂಟೀನಿ ಅಂತ ಹೆಂಗ ಹೇಳ್ಲಿ ಬೇಟಾ? ಕೆಲಸ ಇಲ್ಲದ ಹೆಂಗಸು ಅಂತಾರ.”

ಎರಡು ವರ್ಷದಿಂದ ಡಾಕ್ಟರೂ ಕೇಳಿಲ್ಲ, ನಾನೂ ಕೇಳಿಲ್ಲ.

ಅಬ್ಬಾನ ಗಾದಿ ಅಂಗಡಿ ಗದಗದಲ್ಲಿದೆ. ಮನೆಯಿಂದ ನಡೆದರೆ ಇಪ್ಪತ್ತೈದು ನಿಮಿಷ. ಸಂಜೆ ರೋಜಾ ಬಿಡುವ ಹೊತ್ತಿಗೆ ಅಂಗಡಿಯಲ್ಲಿ ಖರ್ಜೂರ, ಹಣ್ಣು, ಶರಬತ್ತು ಬೇಕೇ ಬೇಕು. ಇಷ್ಟು ದಿನ ಯಾರ ಸೈಕಲ್ಲಿನಲ್ಲೋ ಕಳಿಸುತ್ತಿದ್ದೆವು. ಇವತ್ತು ಇಬ್ಬರೂ ಡಬ್ಬಿ ಹಿಡಿದು ಹೊರಟೆವು. ಮೂರು ಜನ ಕೇಳಿದರು. ಮೂವರಿಗೂ ಅಮ್ಮಿ, “ಅಂಗಡಿಗೆ, ಇಫ್ತಾರ್ ಒಯ್ಯಾಕ ಹೊಂಟೀವ್ರಿ,” ಎಂದು ಸೆರಗು ಸರಿ ಮಾಡಿಕೊಂಡು ದೊಡ್ಡದಾಗಿ ಹೇಳಿದಳು. ಅಬ್ಬಾ ಅರಳೆಯ ರಾಶಿಯ ನಡುವಿನಿಂದ ಎದ್ದು, “ಯಾರಿಗೆ ಏನಾತು?” ಎಂದು ಗಾಬರಿಯಾದ.

ಮಾರ್ಚ್ ೧೫

ಅಂಕಿಗಳೆಲ್ಲ ಬಂದವು. ಗೊತ್ತಿದ್ದವರಿಗೂ ಮಾಡುವವರಿಗೂ ಸಂಬಂಧವೇ ಇಲ್ಲ. ಮೂರು ಸಲ ಲೆಕ್ಕ ಹಾಕಿದೆ. ಆನಂದನೂ ಬೇರೆಯಾಗಿ ಹಾಕಿದ. ಇಲ್ಲ.

ಮಾರ್ಚ್ ೨೦, ಗುರುವಾರ

ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕಿ ನಮ್ಮ ವರದಿಯ ಕೊನೆಯ ಪುಟದಿಂದ ಓದಲು ಶುರುಮಾಡಿದರು.

“ಇನ್ನೂರು ಜನರನ್ನು ಕೇಳಿ ಕೊನೆಗೆ ಏನೂ ಸಿಗಲಿಲ್ಲ ಅಂತ ಬರೆದಿದ್ದೀರಿ. ನಿಮ್ಮ ಊಹೆ ಬಿದ್ದುಹೋಯಿತಲ್ಲ?”

“ಹೌದು ಮೇಡಂ, ಊಹೆ ಬಿತ್ತು,” ಎಂದೆ. “ಅವರಿಗೆ ಗೊತ್ತಿಲ್ಲ ಅಂತ ತಿಳಿದುಕೊಂಡಿದ್ದೆ. ಅವರಿಗೆ ಗೊತ್ತಿದೆ. ನನಗೇ ಗೊತ್ತಿರಲಿಲ್ಲ.”

ಅವರು ಕಾರಣಗಳ ಪುಟ ತೆರೆದರು. ಹುಡುಗಿಯರು ಬರೆದ ಮಾತುಗಳನ್ನು ಅವರದೇ ಮಾತಿನಲ್ಲಿ ಹಾಕಿದ್ದೆವು, ಆನಂದನ ಚಂದದ ಅಕ್ಷರದಲ್ಲಿ. ಪರೀಕ್ಷಕಿ ಆ ಪುಟವನ್ನು ನಿಧಾನವಾಗಿ ಓದಿದರು. ಒಂದು ಕಡೆ ನಕ್ಕರು, ಒಂದು ಕಡೆ ಬೆರಳಿಟ್ಟು ನಿಂತರು. ಮುಂಡರಗಿಯ ಫಾರ್ಮು ಎರಡು ಸಲ ಯಾಕೆ ಎಂದು ಕೇಳಿದಾಗ ಆನಂದ ತಾನೇ ಹೇಳಿದ, ಒಂದೂ ಮಾತು ಬಿಡದೆ. ಅವನ ಕಿವಿ ಕೆಂಪಾಗಿದ್ದವು.

ಹುಬ್ಬಳ್ಳಿಗೆ ನಮ್ಮ ಕ್ಲಾಸಿನ ಅಂಕಿತಾಳ ಗುಂಪು ಹೋಗುತ್ತದೆ. ರಕ್ತಹೀನತೆಯ ಬಗ್ಗೆ ಅವಳದು ಒಳ್ಳೆಯ ಕೆಲಸ. ಮಧ್ಯಾಹ್ನ ಅವಳ ಪೋಸ್ಟರಿನ ಎರಡು ತಪ್ಪು ತಿದ್ದಿಕೊಟ್ಟೆ. ನಾನು ತಿದ್ದದಿದ್ದರೆ ಹಾಗೆಯೇ ಹೋಗುತ್ತಿತ್ತು.

ಏಪ್ರಿಲ್ ೮, ಮಂಗಳವಾರ

ಮುಂಡರಗಿಗೆ ಹೋಗಿದ್ದೆವು. ಅಂಕಕ್ಕೂ ಕಾಲೇಜಿಗೂ ಸಂಬಂಧವಿಲ್ಲ, ಬರುತ್ತೇನೆ ಎಂದಿದ್ದೆ.

ಮುದಕಪ್ಪ ಸರ್ ಅರವತ್ತು ಹುಡುಗಿಯರನ್ನು ಒಂದು ಕೋಣೆಯಲ್ಲಿ ಕೂರಿಸಿದ್ದರು. ವ್ಯಾಯಾಮದ ಲಾಭಗಳ ಮೇಲೆ ಭಾಷಣ ಮಾಡಿರೆಂದರು. ಅವು ಇವರಿಗೆ ಬಾಯಿಪಾಠ ಬರುತ್ತವೆ ಎಂದು ಹೇಳಿ, ಅವರೇ ಬರೆದದ್ದನ್ನು ಒಂದೊಂದಾಗಿ ಓದಿದೆ. ಯಾರ ಹೆಸರನ್ನೂ ಹೇಳಲಿಲ್ಲ. ಸರ್ ಕುರ್ಚಿಯಲ್ಲಿ ಹಿಂದೆ ಸರಿದು ಕೂತರು.

“ಇಷ್ಟು ದಿನ ಯಾರೂ ನನ್ನ ಮುಂದ ಅಂದೇ ಇಲ್ಲಲ್ಲ ಇದನ್ನ?”

ಚೌಡವ್ವ ಎದ್ದು ನಿಂತಳು. “ಯಾರೂ ನಮ್ಮನ್ನ ಕೇಳಿದ್ದಿಲ್ಲರಿ ಸರ್.”

ಅಲ್ಲಿಂದ ಮುಂದೆ ನಾನು ಮಾತಾಡುವ ಅಗತ್ಯವೇ ಬೀಳಲಿಲ್ಲ. ಒಬ್ಬಳು ಗ್ರೌಂಡ್ ಎಂದಳು, ಇನ್ನೊಬ್ಬಳು ಖೋಲಿಯ ಚಿಲಕ ಎಂದಳು. ಸರ್ ಮೊದಲು ಮುಂದಿನ ವರ್ಷ ನೋಡೋಣ ಎಂದರು. ಹುಡುಗಿಯರು ಯಾರೂ ಏಳಲಿಲ್ಲ, ಬಾಗಿಲು ನೋಡಲಿಲ್ಲ, ಹಾಗೇ ಕೂತರು. ಕೊನೆಗೆ ಮಂಗಳವಾರ, ಶುಕ್ರವಾರ ಮೂರರಿಂದ ನಾಲ್ಕೂಕಾಲರವರೆಗೆ ಗ್ರೌಂಡ್ ಹುಡುಗಿಯರದು, ಹಳೆಯ ಸ್ಟೋರ್ ರೂಮಿನ ಕೀಲಿ ಅವರ ಕೈಯಲ್ಲೇ ಎಂದು ಬರೆದು ಸಹಿ ಮಾಡಿದರು.

“ಸರ್, ಇವತ್ತು ಮಂಗಳವಾರರಿ,” ಎಂದು ಹಿಂದಿನಿಂದ ಯಾರೋ ಅಂದರು.

ಅರ್ಧ ಗಂಟೆಯಲ್ಲಿ ಗ್ರೌಂಡಿನಲ್ಲಿ ಸುಣ್ಣದ ಗೆರೆ ಬಿತ್ತು. ಆಡಲು ಬಂದವರು ಹದಿನೇಳು ಜನ, ಎರಡು ತಂಡಕ್ಕೆ ಒಬ್ಬಳು ಕಡಿಮೆ. ಚೌಡವ್ವ ನನ್ನ ಕಡೆ ನೋಡಿದಳು. ನನಗೆ ಖೋಖೋದ ನಿಯಮಗಳೆಲ್ಲ ಗೊತ್ತು, ಪುಸ್ತಕದಲ್ಲಿ ಓದಿದ್ದೇನೆ ಎಂದೆ. “ಹಂಗಾರ ಬರ್ರಿ,” ಎಂದಳು. ಚಪ್ಪಲಿ ಬಿಟ್ಟು, ದುಪಟ್ಟಾ ಸೊಂಟಕ್ಕೆ ಬಿಗಿದು ಸಾಲಿನಲ್ಲಿ ಕುಕ್ಕುರುಗಾಲಲ್ಲಿ ಕೂತೆ. ಆನಂದ ಕಟ್ಟೆಯ ಮೇಲಿಂದ ನನ್ನ ಬ್ಯಾಗು ಹಿಡಿದು ನೋಡುತ್ತಿದ್ದ.

ಬೆನ್ನ ಮೇಲೆ ಅಂಗೈ ಬಿತ್ತು. “ಖೋ!”

ಎದ್ದೆ. ಯಾವ ಕಡೆಗೆ ಎಂದು ಕೇಳಲು ತಿರುಗಿದರೆ ಚೌಡವ್ವ ಆಗಲೇ ನನ್ನ ಜಾಗದಲ್ಲಿ ಕೂತಿದ್ದಳು.

“ಕೇಳಬ್ಯಾಡ್ರಿ ಅಕ್ಕಾರ, ಓಡ್ರಿ!”

ಓಡಿದೆ. ಯಾರೂ ಕೈಗೆ ಸಿಗಲಿಲ್ಲ, ಒಮ್ಮೆ ಬಿದ್ದೆ, ಮೊಣಕಾಲು ತರಚಿತು. ಡಂಬಳದ ಬಸ್ಸು ಬರುವವರೆಗೂ ಆಡಿದೆವು. ಹುಡುಗಿಯರು ಅಂಗಿಯ ಧೂಳು ಕೊಡವಿಕೊಳ್ಳುತ್ತಾ ಬಸ್ಸು ಹತ್ತಿದರು. ಕಿಟಕಿಯಿಂದ ಚೌಡವ್ವ ಕೂಗಿದಳು, “ಶುಕ್ರವಾರ ಬರ್ತೀರೇನ್ರಿ?”

ಶುಕ್ರವಾರ ನನಗೆ ವಾರ್ಡಿನಲ್ಲಿ ಬೆಳಗಿನ ಡ್ಯೂಟಿ. ಒಂದು ಗಂಟೆಗೆ ಬಿಡುತ್ತಾರೆ. ಕೂಡಲೇ ಹೊರಟರೆ ಮೂರಕ್ಕೆ ಮುಂಡರಗಿ ಮುಟ್ಟಬಹುದು.